ಮಾರ್ಚ್ ಮುಗಿಯುವವರೆಗೆ

"ಎರಡು ದಿನ ತಡೆದು ಓಗಾಕಾಗಲ್ವೇನಪ್ಪಾ? ಚೊಚ್ಚಲು ಎರಿಗೆ ಕಣಪ್ಪ." ರಾವಂದೂರಿನಿಂದ ಮಗಳ ಜೊತೆ ಬಂದಿದ್ದ ಸಣ್ಣತಾಯಮ್ಮ ಪಿರಿಯಾಪಟ್ಟಣದ ಆಸ್ಪತ್ರೆಯ ಬಾಗಿಲಲ್ಲೇ ಅಳಿಯನ ಬ್ಯಾಗು ಹಿಡಿದುಕೊಂಡರು.

"ಡ್ಯೂಟಿ ಕಣತ್ತೆ. ಕಂಪ್ನಿಯೋರು ಬುಡಲ್ಲ," ಎಂದ ಯತೀಶ್. ಅದು ಸುಳ್ಳು.

ಅವನಿಗೆ ಕತಾರಿನ ಕಡಲಲ್ಲಿ ಎಣ್ಣೆ ತೆಗೆಯುವ ರಿಗ್ಗಿನ ಮೇಲೆ ಕೆಲಸ. ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಊರಲ್ಲಿ. ಈ ಸಲ ರಿಪೇರಿಯೆಂದು ಎಲ್ಲರನ್ನೂ ಸಂಬಳವಿಲ್ಲದೆ ಮನೆಗೆ ಕಳಿಸಿದ್ದರು. ಮತ್ತೆ ಡ್ಯೂಟಿ ಏಪ್ರಿಲ್‌ಗೇ. ಹೆರಿಗೆ ಹೊತ್ತಿಗೆ ಜೊತೆಗಿರಬಹುದೆಂದು ಗಂಡ ಹೆಂಡತಿ ಹಿಗ್ಗಿದ್ದೇ ಬಂತು. ನಿನ್ನೆ ಹುಣಸೂರಿನ ಆಡಿಟರ್ ವೀರಭದ್ರಸ್ವಾಮಿ ಅವನ ಪಾಸ್‌ಪೋರ್ಟಿನ ಮೊಹರುಗಳನ್ನೆಲ್ಲ ನೋಡಿ ಕನ್ನಡಕ ತೆಗೆದಿಟ್ಟಿದ್ದರು.

"ನಾಳೆ ದಾಟಿದ್ರೆ ಈ ವರ್ಷದಲ್ಲಿ ಅರ್ಧ ವರ್ಷ ಇಲ್ಲೇ ಇದ್ದಂಗಾಗ್ತದೆ ಕಣ್ರೀ. ಮಾರ್ಚ್ ಮುಗಿಯೋವರ್ಗೂ ದೇಶದ ಹೊರಗಿರ್ಲಿಲ್ಲ ಅಂದ್ರೆ, ಅಲ್ಲಿ ದುಡಿದಿದ್ದಕ್ಕೆಲ್ಲ ಇಲ್ಲಿ ಟ್ಯಾಕ್ಸ್ ಕಟ್ಟಬೇಕು."

"ಎಂಡ್ತಿ ಎರಿಗೆ ಸಾರ್."

"ಕಾನೂನು ಅದನ್ನೆಲ್ಲ ಕೇಳಲ್ಲ. ನಾಳೆನೇ ಎಲ್ಲಾದ್ರೂ ಹೊರಡಿ. ಕೊಲಂಬೊ ಆದ್ರೆ ಹತ್ರ, ಖರ್ಚೂ ಕಮ್ಮಿ."

ದುಡಿದದ್ದೆಲ್ಲ ಅರ್ಧಕ್ಕೆ ನಿಂತ ಮನೆಯ ಗೋಡೆಯಾಗಿತ್ತು. ತೆರಿಗೆ ಕಟ್ಟಲು ಏನೂ ಉಳಿದಿರಲಿಲ್ಲ. ಹೊಟ್ಟೆಪಾಡಿಗೆ ದೇಶ ಬಿಟ್ಟವರನ್ನು ಅತ್ತೆ ಕಂಡಿದ್ದಾರೆ. ಕೆಲಸವಿಲ್ಲದೆ, ಇಲ್ಲಿರಬಾರದು ಎಂಬ ಒಂದೇ ಕಾರಣಕ್ಕೆ ಹೊರಟಿದ್ದೇನೆಂದು ಯಾವ ಬಾಯಲ್ಲಿ ಹೇಳುವುದು? ಅವನಿಗೇ ನಾಚಿಕೆಯಾಗುತ್ತಿತ್ತು.

ಹೆಂಡತಿ ಸೌಂದರ್ಯಳಿಗೆ ನಿಜ ಗೊತ್ತಿತ್ತು. ಅವಳೇ ಹೇಳಿದ್ದು, ಅವ್ವನಿಗೆ ಡ್ಯೂಟಿ ಅಂತಲೇ ಅನ್ನಿ ಎಂದು. "ಓಗ್ಬನ್ನಿ," ಎಂದಳು. ಅವನ ಶರ್ಟಿನ ತೋಳನ್ನು ಮಾತ್ರ ಬಿಡಲಿಲ್ಲ. ಅವನೇ ಮೆಲ್ಲಗೆ ಬಿಡಿಸಿಕೊಂಡ.

ಬಸ್ಸು ಬಿಳಿಕೆರೆ ದಾಟುವಾಗ ಫೋನು ಬಂತು. ನೋವು ಶುರುವಾಗಿತ್ತು. ಯತೀಶ್ ಬ್ಯಾಗು ಎತ್ತಿಕೊಂಡು ಬಾಗಿಲವರೆಗೂ ಬಂದ.

"ಇಳೀತೀರಾ?" ಕಂಡಕ್ಟರ್ ಕೇಳಿದ.

ಯತೀಶ್ ರಸ್ತೆ ನೋಡಿದ. "ಇಲ್ಲ," ಎಂದು ವಾಪಸು ಬಂದು ಕೂತ.

ಮಾರನೆಯ ದಿನ ಕೊಲಂಬೊದ ಲಾಡ್ಜಿನಲ್ಲಿ ಅವನು ಸುಮ್ಮನೆ ಮಲಗಿದ್ದಾಗ ಅತ್ತೆ ವಿಡಿಯೊ ಕಾಲ್ ಮಾಡಿದರು. "ಎಣ್ಮಗ ಕಣಪ್ಪ! ಮೂಗು ನಿಂದೇಯ." ಬಟ್ಟೆಯೊಳಗಿಂದ ಪುಟ್ಟ ಕೆಂಪು ಮುಖವೊಂದು ಕಿರುಚಿ ಅಳುತ್ತಿತ್ತು. ಅವನಿಗೂ ಅಳು ಬಂತು.

"ಸೌಂದರ್ಯ?"

"ಮಲಗವ್ಳೆ. ಚೆನ್ನಾಗವ್ಳೆ. ಸರಿ, ಫೋನ್ ಮಡಗಪ್ಪ. ಕೆಲ್ಸದ ಒತ್ನಲ್ಲಿ ಮಾತಾಡ್ತಾ ನಿಂತ್ರೆ ಬಯ್ದಾರು. ಓಗು, ಕೆಲ್ಸ ನೋಡೋಗು."

"ಊಂ ಅತ್ತೆ."

ಫೋನು ಆರಿತು. ಯತೀಶ್ ಎದ್ದು ಮುಖ ತೊಳೆದ. ಮಂಚದ ಕೆಳಗಿನಿಂದ ಶೂ ಎಳೆದು ಹಾಕಿಕೊಂಡ, ಲೇಸು ಬಿಗಿದ. ಆಮೇಲೆ ಮತ್ತೆ ಮಂಚದ ಮೇಲೆಯೇ ಕೂತ.