ಹೆರಿಗೆಮನೆಯ ಗಾರೆ

ಹೆರಿಗೆಮನೆಯ ಗೋಡೆಗಳಲ್ಲಿ ಮುಖ ಕಾಣುತ್ತಿತ್ತು. ಸುಣ್ಣವನ್ನು ಅರೆದು, ಮೆತ್ತಿ, ನುಣುಪುಗಲ್ಲಿನಿಂದ ಉಜ್ಜಿ ಉಜ್ಜಿ ಆ ಹೊಳಪು ತಂದಿದ್ದರಂತೆ; ನಮಗದು ಗೊತ್ತಾದದ್ದು ಆಮೇಲೆ. ಹೆತ್ತು ಸುಸ್ತಾದವಳು ಮಗ್ಗುಲು ಹೊರಳಿದರೆ ಗೋಡೆಯೊಳಗೆ ಇನ್ನೊಬ್ಬ ಬಾಣಂತಿ ಮಲಗಿರುತ್ತಿದ್ದಳು. ನನ್ನ ಅಣ್ಣನ ಹೆಂಡತಿ ಅಲ್ಲಿ ಸೂಲಗಿತ್ತಿಯಾಗಿ ತಲೆ ನರೆಸಿಕೊಂಡವರು. "ಊರಿಗೆಲ್ಲ ಹೆರಿಗೆ ಮಾಡ್ಸಿದೆ, ನನ್ನ ಪಾಲಿಗೆ ಗೋಡೆ ಉಳೀತು" ಎಂದು ಮಕ್ಕಳಿಲ್ಲದ ಅತ್ತಿಗೆ ತಾವೇ ನಗುತ್ತಿದ್ದರು.

ದೊಡ್ಡಾಸ್ಪತ್ರೆ ಬಂದಮೇಲೆ ಹೆರಿಗೆಮನೆಗೆ ಬೀಗ ಬಿತ್ತು; ಬೀಗದ ಕೈ ಮಾತ್ರ ಅತ್ತಿಗೆಯ ಸೊಂಟ ಬಿಡಲಿಲ್ಲ. ಒಳಗೋಡೆ ಅಲ್ಲಲ್ಲಿ ಉದುರತೊಡಗಿತು. ಬಲ್ಲವರನ್ನು ಕೇಳಿ ಸರಿಯಾಗಿ ದುರಸ್ತಿ ಮಾಡಿಸಿದರೆ ಕಟ್ಟಡ ಉಳಿಯುತ್ತದೆ, ಇಲ್ಲವಾದರೆ ಕೆಡವುತ್ತೇವೆ ಎಂದರು ನಗರಸಭೆಯವರು.

"ಬಲ್ಲವರು ಯಾವ ಬಾಗಿಲಲ್ಲಿ ಕೂತಿರ್ತಾರೋ! ನೀನೂ ಬಾರೇ" ಎಂದು ಅತ್ತಿಗೆ ನನ್ನನ್ನೂ ಹೊರಡಿಸಿದರು. ಒಂದು ಕಚೇರಿಯಲ್ಲಿ ಹೊಸ ಕಟ್ಟಡಕ್ಕೆ ಮಾತ್ರ ಸಲಹೆ. ಇನ್ನೊಂದರಲ್ಲಿ ಹಳೆಯದಕ್ಕೆ, ಆದರೆ ಕೋಟೆಯಾದರೆ ಮಾತ್ರ. "ನಮ್ಮಲ್ಲೂ ಕಿರುಚಾಟ, ರಕ್ತ ಎಲ್ಲಾ ಇತ್ತಪ್ಪಾ" ಎಂದು ಅತ್ತಿಗೆ ಗುಮಾಸ್ತನಿಗೆ ಹೇಳಿ ಮೆಟ್ಟಿಲಿಳಿದರು.

ಕೊನೆಗೆ ಹಳೆಯ ಕಟ್ಟಡಗಳ ಶಾಖೆಯೇ ಸಿಕ್ಕಿತು. ಅಲ್ಲಿನ ಅಧಿಕಾರಿಣಿ ಒಳ್ಳೆಯ ಹುಡುಗಿ. ಕುರ್ಚಿ ಕೊಟ್ಟಳು, ನಾವು ಒಯ್ದಿದ್ದ ಗೋಡೆಯ ಫೋಟೋಗಳನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಅವಳು ಕೊಟ್ಟ ಕೈಪಿಡಿಯನ್ನು ನಾನು ಗಟ್ಟಿಯಾಗಿ ಓದಿದೆ: "ಮೂಲ ದ್ರವ್ಯಕ್ಕೆ ಅನುರೂಪವಾದ ಲೇಪನ."

"ಇದಕ್ಕೂ ಸೂಲಗಿತ್ತಿ ಬೇಕು, ಅರ್ಥ ಹೊರಗೇ ಬರ್ತಿಲ್ಲ" ಎಂದರು ಅತ್ತಿಗೆ.

ಹುಡುಗಿ ನಕ್ಕಳು. "ಗಾರೆ, ಅಮ್ಮಾ. ಹಿಂದೆ ಇದ್ದದ್ದು ಗಾರೆ, ಈಗಲೂ ಗಾರೇನೇ ಮಾಡಿಸಿ. ಬೇರೇನೂ ಬೇಡ."

"ಅಷ್ಟೇನಾ? ಅದನ್ನೇ ಮೊದ್ಲು ಹೇಳ್ಬಾರ್ದಾ ತಾಯಿ!"

ಹಿಂತಿರುಗಿದವರೇ ಅತ್ತಿಗೆ ಗಾರೆ ಮೇಸ್ತ್ರಿಯನ್ನು ಕರೆಸಿದರು. ಅವನೂ ಅವರ ಕೈಯಲ್ಲೇ ಹುಟ್ಟಿದವನು. ಗಾರೆ ಕೆಲಸ ಎಂದರೆ ನಮ್ಮಲ್ಲಿ ಯಾರಿಗೂ ಎರಡನೆಯ ಅರ್ಥವಿರಲಿಲ್ಲ. ಸಿಮೆಂಟು, ಮರಳು, ಕರಣೆ. ಮೇಸ್ತ್ರಿ ಭಕ್ತಿಯಿಂದಲೇ ಮಾಡಿದ, ಸಿಮೆಂಟನ್ನು ಒಂದು ಹಿಡಿ ಹೆಚ್ಚೇ ಬೆರೆಸಿದ. "ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ" ಎಂದವನು ನಾಲಿಗೆ ಕಚ್ಚಿಕೊಂಡ. ಅತ್ತಿಗೆ ಅವನ ಬೆನ್ನಿಗೊಂದು ಗುದ್ದಿ, "ನಿನ್ನ ಮೊಮ್ಮಕ್ಕಳು ಅನ್ನೋ" ಎಂದರು.

ಮಳೆ ಹಿಡಿದಾಗ ಗೋಡೆ ಬೆವರಿತು. ಅತ್ತಿಗೆ ಜ್ವರದವರ ಹಣೆ ಒರೆಸುವ ಹಾಗೆ ಬಟ್ಟೆಯಲ್ಲಿ ಒರೆಸಿದರು. ಒರೆಸಿದಷ್ಟೂ ಒಸರಿತು. ಆಮೇಲೆ ಬಿಳಿ ಉಪ್ಪು ಹೂಬಿಟ್ಟಿತು, ಸಿಮೆಂಟು ಚಕ್ಕೆ ಚಕ್ಕೆಯಾಗಿ ಕಳಚಿತು, ಮೂಲೆಯಲ್ಲಿ ಇಟ್ಟಿಗೆ ಕೂಡ ಪುಡಿಯಾಗಿ ಸುರಿಯಿತು.

ನೋಡಲು ಬಂದ ಅಧಿಕಾರಿಣಿ ಉಗುರಿನಿಂದ ಕೆರೆದು, ಬಿಳಿಚಿಕೊಂಡಳು. "ಸಿಮೆಂಟ್ ಯಾಕೆ ಹಾಕಿಸಿದ್ರಿ?"

"ನೀನೇ ಗಾರೆ ಅಂದ್ಯಲ್ಲಮ್ಮ."

"ಗಾರೆ ಅಂದ್ರೆ ಸುಣ್ಣದ್ದು ಅಲ್ವಾ..."

ಮೇಸ್ತ್ರಿ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿ, "ಗಾರೆ ಅಂದ್ರೆ ಇದೇ ಅಲ್ವಾ?" ಎಂದ. ಸುಣ್ಣದ ಗೋಡೆ ನೆಲದ ತೇವ ಕುಡಿದು ಹೊರಗೆ ಬಿಡುತ್ತದಂತೆ. ಸಿಮೆಂಟು ಅದರ ಮೂಗು ಬಾಯಿ ಮುಚ್ಚಿತ್ತು. ಈಗ ಕಿತ್ತರೆ ಹಳೆಯ ಗೋಡೆಯೂ ಜೊತೆಗೇ ಬರುತ್ತದೆ ಎಂದಳು ಹುಡುಗಿ. ಉಸಿರು ಕಟ್ಟಿದ ಕೂಸುಗಳನ್ನು ತಲೆಕೆಳಗೆ ಹಿಡಿದು ಅಳಿಸಿದ ಕೈಗಳನ್ನು ಅತ್ತಿಗೆ ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದರು.

ನಗರಸಭೆ ಕೆಡವುವ ದಿನ ಗೊತ್ತುಮಾಡಿತು.

ಹಿಂದಿನ ದಿನ ಸಾಮಾನು ಹೊರಸಾಗಿಸಲು ಹೋದೆವು. ಭಾರವಾದ ಔಷಧಿ ಬೀರುವನ್ನು ಮೇಸ್ತ್ರಿ ಅಂದು ಕದಲಿಸಿರಲಿಲ್ಲ, ಸುತ್ತಲಷ್ಟೇ ಬಳಿದಿದ್ದ. ಈಗ ಅವನೇ ಸರಿಸಿದ. ಹಿಂದೆ ಬೀರುವಿನಷ್ಟಗಲ ಹಳೆಯ ಗೋಡೆ, ಒಣಗಿ ತಣ್ಣಗೆ ಹೊಳೆಯುತ್ತ ನಿಂತಿತ್ತು.

ಅತ್ತಿಗೆ ಅದರೆದುರು ಹೋಗಿ ಬಹಳ ಹೊತ್ತು ನೋಡಿದರು. ಹಣೆಯ ಕೂದಲು ಹಿಂದಕ್ಕೆ ಸವರಿಕೊಂಡರು.

"ಎಷ್ಟು ಮುದುಕಿ ಆಗೋಗಿದೀನಲ್ಲೇ! ಒಂದು ಮಾತು ಹೇಳ್ಲಿಲ್ಲ ನೀನು."

ನಾನು ಹಿಂದೆ ಹೋಗಿ ನಿಂತೆ. ಗೋಡೆಯೊಳಗೆ ಇಬ್ಬರಾದೆವು.

"ಬೀರು ವಾಪಸ್ ತಳ್ಳಪ್ಪಾ" ಎಂದರು ಮೇಸ್ತ್ರಿಗೆ.

"ನಾಳೆ ಅದೂ ಮುರಿದೋಗುತ್ತಲ್ಲಮ್ಮ."

"ಹೋಗ್ಲಿ ಬಿಡೋ. ಹೋಗೋರ್ನ ಮುಖ ಮುಚ್ಚದೆ ಕಳಿಸ್ಬಾರ್ದು."