ಸಹಜವಾದ ಫೋಟೊ

ತರಗತಿಯ ಜಾಹೀರಾತಿಗೆ ನೆಮ್ಮದಿಯಿಂದ, ಸಹಜವಾಗಿ ಕೂತ ಫೋಟೊ ಬೇಕೆಂದು ಯೋಗದ ಟೀಚರು ಬೆಳಗಿನಿಂದ ಮನೆಯವರ ನೆಮ್ಮದಿ ಕೆಡಿಸಿದ್ದರು. ಗಂಡ ಸೋಫಾವನ್ನು ಅಡುಗೆಮನೆಗೆ ಸಾಗಿಸಿ ಸೊಂಟ ಹಿಡಿದುಕೊಂಡು ನಿಂತಿದ್ದರು. ಅಕ್ಕ ಆಗಷ್ಟೇ ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು, ಸುಮ್ಮನೆ ಹಾಕಿಕೊಂಡ ಹಾಗೆ ಕಾಣಲೆಂದು, ಕೈಯಿಂದ ಒಂಚೂರು ಮುದುಡಿಸುತ್ತಿದ್ದರು.

ಫೋಟೊಗ್ರಾಫರ್ ಬಂದ. ಟೀಚರು ಕಣ್ಣು ಮುಚ್ಚಿ ಪದ್ಮಾಸನದಲ್ಲಿ ಕೂತರು.

"ಮೇಡಂ, ಸ್ವಲ್ಪ ಹಗುರಾಗಿ. ಮುಖ ಗಂಟಿಕ್ಕಿದೆ," ಎಂದ ಅವನು.

"ಹಗುರಾಗೇ ಇದ್ದೀನಲ್ಲ!" ಎಂದು ಟೀಚರು ಹಲ್ಲು ಕಚ್ಚಿದರು. "ರೀ, ಆ ಪರದೆ ಸೊಟ್ಟಗಿದೆ, ಕಾಣ್ಸಲ್ವಾ?"

ಹಾಗೆನ್ನುತ್ತ ಸರಕ್ಕನೆ ಗಂಡನ ಕಡೆ ತಿರುಗಿದ್ದೇ ತಡ, ಕತ್ತು ಉಳುಕಿತು. ಅಯ್ಯೋ ಎಂದು ಚಾಪೆಯ ಮೇಲೆ ಒರಗಿದವರಿಗೆ ಏಳಲಾಗಲಿಲ್ಲ.

ಅಕ್ಕ ಓಡಿಬಂದು ಬಿಸಿನೀರಿನ ಚೀಲವನ್ನು ಕತ್ತಿನಡಿ ಇಟ್ಟರು. "ಫೋಟೊ ಮನೆ ಹಾಳಾಗ್ಲಿ, ತೆಪ್ಪಗೆ ಬಿದ್ದಿರು!"

ಶಾಖ ಇಳಿಯುತ್ತಿದ್ದಂತೆ ನೋವು ಕರಗಿತು. ಪರದೆ, ಅಂಗಿ, ಜಾಹೀರಾತು ಯಾವುದೂ ಬೇಡವೆನಿಸಿ ಟೀಚರು ಕೈಕಾಲು ಚೆಲ್ಲಿ ಕಣ್ಣು ಮುಚ್ಚಿದರು. ತುಟಿಯಲ್ಲಿ ತೆಳುವಾದ ನಗು ಮೂಡಿತು. ಫೋಟೊಗ್ರಾಫರ್ ಕ್ಯಾಮೆರಾ ಎತ್ತಿ ಕ್ಲಿಕ್ಕಿಸಿದ.

ಬೇರೆ ಯಾವುದೂ ಚೆನ್ನಾಗಿ ಬಾರದೆ ಅದನ್ನೇ ಹಾಕಬೇಕಾಯಿತು. ತರಗತಿ ತುಂಬಿಹೋಯಿತು. ಮೊದಲ ದಿನವೇ ಹೆಂಗಸೊಬ್ಬರು ಕೇಳಿದರು, "ಟೀಚರೇ, ಆ ಫೋಟೊದಲ್ಲಿರೋ ಆಸನ ಯಾವಾಗ ಹೇಳಿಕೊಡ್ತೀರಾ?"

ಕತ್ತು ಇನ್ನೂ ಹೊರಳುತ್ತಿರಲಿಲ್ಲ. ಟೀಚರು ಇಡೀ ಮೈಯನ್ನೇ ಆಕೆಯ ಕಡೆ ತಿರುಗಿಸಿದರು.

"ಅದು ಕೊನೇ ಪಾಠ ಕಣ್ರೀ. ನನಗೂ ಒಂದೇ ಸಲ ಬಂದಿದ್ದು."