ಎರಡನೆಯ ಸೂಜಿ

ಹುಕ್ರಪ್ಪನಿಗೆ ಅಂಗಾತ ಮಲಗಲು ಆಗುತ್ತಿರಲಿಲ್ಲ. ಕಕ್ಕಿಂಜೆಯ ಆ ಸಣ್ಣ ಮನೆಯ ಗೋಡೆಗೆ ಒರಗಿ, ತಲೆದಿಂಬನ್ನು ಹೊಟ್ಟೆಗೆ ಒತ್ತಿಕೊಂಡು, ಮುಂದಕ್ಕೆ ಬಾಗಿ ನರಳುತ್ತಿದ್ದ. ಬೇರೆಯವರ ತೋಟದಲ್ಲಿ ರಬ್ಬರ್ ಮರ ಕೆತ್ತಿ ಹಾಲು ಇಳಿಸಿ ಬದುಕಿದವನು. ಹೊಟ್ಟೆಯೊಳಗಿನ ಕ್ಯಾನ್ಸರ್ ಬೆನ್ನಿನ ತನಕ ಹಬ್ಬಿತ್ತು. ನೋವಿಗೆ ಯಾವ ಮಾತ್ರೆಯೂ ತಾಗುತ್ತಿರಲಿಲ್ಲ. ಹೆಂಡತಿ ಸೇಸಮ್ಮ ಹೊರಗೆ ಸೊಪ್ಪು ತರಲು ಹೋದರೂ ಆ ನರಳಾಟ ಅವಳ ಬೆನ್ನ ಹಿಂದೆಯೇ ಬರುತ್ತಿತ್ತು.

ಪೇಟೆಯ ದೊಡ್ಡ ಆಸ್ಪತ್ರೆಯಿಂದ ರಂಜಿತ್ ಎಂಬವನು ಬಂದ. ಶಿಬಿರಕ್ಕೆ ರೋಗಿಗಳನ್ನು ಹುಡುಕುವುದು ಅವನ ಕೆಲಸ.

"ಹೊರಗಿನಿಂದ ದೊಡ್ಡ ಡಾಕ್ಟ್ರು ಬರ್ತಾರೆ ಅಮ್ಮ. ಸ್ಕ್ಯಾನಿನಲ್ಲಿ ನೋಡಿಕೊಂಡೇ ಸೂಜಿ ಹಾಕ್ತಾರೆ. ನೋವಿನ ನರವನ್ನೇ ಮಲಗಿಸುವುದು. ಪೂರಾ ಉಚಿತ."

"ಮತ್ತೆ ನೋವು ಬರುವುದಿಲ್ವಾ?"

"ಮೊದಲನೆಯ ಸೂಜಿ ಪರೀಕ್ಷೆಗೆ. ಅದು ಹಿಡಿದರೆ ಮರುದಿನ ಎರಡನೆಯದು. ಅದು ತಿಂಗಳುಗಟ್ಟಲೆ ನಿಲ್ತದೆ. ನಾನುಂಟಲ್ಲ."

ಶಿಬಿರದ ದಿನ ಆಸ್ಪತ್ರೆಯ ಸಭಾಂಗಣದ ತುಂಬ ಸೂಜಿ ಹಾಕುವುದನ್ನು ನೋಡಿ ಕಲಿಯಲು ಬಂದ ಡಾಕ್ಟರುಗಳು. ಒಳಗಿನ ಕೋಣೆಯಲ್ಲಿ ಹುಕ್ರಪ್ಪನನ್ನು ಹಿಡಿದು ಮಲಗಿಸಿದ್ದು ಪರದೆಯ ಮೇಲೆ ಕಂಡಿತು. ಆಮೇಲೆ ಅವನ ಮುಖ ಹೋಗಿ ಸ್ಕ್ಯಾನಿನ ಬೂದು ಹೊಗೆಯಂಥದ್ದು ಬಂತು. ಅದರೊಳಗೆ ಬೆಳ್ಳಗಿನ ಸೂಜಿ ಮೆಲ್ಲಗೆ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಸೇಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಧ್ಯಾಹ್ನ ಹುಕ್ರಪ್ಪ ವಾರ್ಡಿನಲ್ಲಿ ಅಂಗಾತ ಮಲಗಿದ್ದ. ಗಂಜಿ ಕೇಳಿ ಉಂಡ. ನಕ್ಕ. ರಂಜಿತ್ ಬಂದು ಆ ನಗುವಿನ ಫೋಟೋ ತೆಗೆದುಕೊಂಡು ಹೋದ.

"ನನ್ನ ಒಳಗೆ ಯಾರೋ ಕೂತಿದ್ದರು ಸೇಸು. ಎದ್ದು ಹೋದರು," ಎಂದ ಹುಕ್ರಪ್ಪ.

ಅವನಿಗೆ ನಿದ್ದೆ ಹತ್ತಿದಾಗ ನರಳಾಟವಿಲ್ಲದ ಆ ಮೌನ ಸೇಸಮ್ಮನಿಗೆ ಹೆದರಿಕೆ ಹುಟ್ಟಿಸಿತು. ಅವನು ಉಸಿರಾಡುತ್ತಿದ್ದಾನೆಯೇ ಎಂದು ಮತ್ತೆ ಮತ್ತೆ ಮೂಗಿನ ಬಳಿ ಬೆರಳಿಟ್ಟು ನೋಡಿದಳು.

ಹೊತ್ತು ಕಂತುವಾಗ ಅವನು ಮೆಲ್ಲಗೆ ಎದ್ದು ಕುಳಿತ. ಮುಂದಕ್ಕೆ ಬಾಗಿದ.

"ಬಂದರು ಸೇಸು."

ಮರುದಿನ ಬೆಳಿಗ್ಗೆ ಸಭಾಂಗಣದ ಕುರ್ಚಿಗಳನ್ನು ಪೇರಿಸಿ ಸಾಗಿಸುತ್ತಿದ್ದರು. ಸೇಸಮ್ಮ ಎರಡನೆಯ ಸೂಜಿ ಯಾವಾಗ ಎಂದು ಕೇಳಿದರೆ ರಂಜಿತ್ ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಆ ಡಾಕ್ಟ್ರು ಹೋದರಲ್ಲ. ಮುಂದಿನ ಶಿಬಿರಕ್ಕೆ ನೋಡುವ."

ನರ್ಸ್ ರಶೀನಾ ಸೇಸಮ್ಮನನ್ನು ಬದಿಗೆ ಕರೆದಳು. "ನಮ್ಮ ಶಶಿಪ್ರಭಾ ಡಾಕ್ಟ್ರಿಗೂ ಹಾಕ್ಲಿಕ್ಕೆ ಬರ್ತದೆ ಅಕ್ಕ. ಮೆಷಿನ್ ಉಂಟು, ಮದ್ದೂ ಉಂಟು. ಆದರೆ ಶಿಬಿರ ಮುಗಿದ ಮೇಲೆ ಉಚಿತಕ್ಕೆ ಹಾಕಬಾರದು ಅಂತ ಆಡಳಿತದವರು ಹೇಳಿದ್ದಾರೆ."

ಸೇಸಮ್ಮ ಗಂಡನನ್ನು ಗಾಲಿಕುರ್ಚಿಯಲ್ಲಿ ಕೂರಿಸಿದಳು. ಲಿಫ್ಟಿನಲ್ಲಿ ಕೆಳಗಿಳಿದು, ಜನ ಚೀಟಿಗೆ ಸಾಲು ನಿಂತಿದ್ದ ಮುಂಭಾಗದ ನಡುಮಧ್ಯೆ ತಂದು ನಿಲ್ಲಿಸಿದಳು. ಗೋಡೆಯ ಟಿವಿಯಲ್ಲಿ ನಿನ್ನೆಯ ಫೋಟೋದ ಹುಕ್ರಪ್ಪ ನಗುತ್ತಿದ್ದ. ಅಡಿಯಲ್ಲಿ 'ನೋವಿಲ್ಲದ ಬದುಕು' ಎಂದು ಬರೆದಿತ್ತು. ಕುರ್ಚಿಯಲ್ಲಿದ್ದ ಹುಕ್ರಪ್ಪ ಗಾಯಗೊಂಡ ದನದ ಹಾಗೆ ಕೂಗಿದ.

ರಂಜಿತ್ ಓಡಿ ಬಂದ. "ಜನ ನೋಡ್ತಾರೆ. ಮೇಲೆ ಹೋಗುವ ಅಮ್ಮ."

"ನೋಡಲಿ. ನಿನ್ನೆ ಡಾಕ್ಟ್ರುಗಳು ನೋಡಿದರು. ಇವತ್ತು ಇವರು ನೋಡಲಿ."

ಸಾಲಿನಿಂದ ಒಬ್ಬ ಮುದುಕ ಹೊರಬಂದ. ನರಿಕೊಂಬಿನ ಬಾವಾ ಎಂದು ಹೆಸರು ಹೇಳಿಕೊಂಡ. "ನನ್ನ ಹೆಂಡತಿ ಸಬೀಹಾಳನ್ನೂ ಹೋದ ಶಿಬಿರದಲ್ಲಿ ಹೀಗೇ ಪರದೆಗೆ ಹಾಕಿದರು. ಎರಡನೆಯ ಸೂಜಿ ಹಾಕಲೇ ಇಲ್ಲ. ಈಗ ಮನೆಯಲ್ಲಿ ಕಿರುಚ್ತಾಳೆ," ಎಂದು ಕುರ್ಚಿಯ ಪಕ್ಕ ನೆಲದಲ್ಲೇ ಕುಳಿತ. ಸಾಲು ಒಡೆಯಿತು. ಒಬ್ಬೊಬ್ಬರೇ ಬಂದು ಸುತ್ತ ಕುಳಿತರು. ಯಾರೂ ಘೋಷಣೆ ಕೂಗಲಿಲ್ಲ. ನರಳಾಟವೊಂದೇ ಆ ಕಟ್ಟಡದಲ್ಲಿ ಮೇಲೇರುತ್ತಾ ಹೋಯಿತು.

ಕೊನೆಗೆ ಡಾ. ಶಶಿಪ್ರಭಾ ಮೆಟ್ಟಿಲಿಳಿದು ಬಂದರು. ರಂಜಿತ್ ಏನೋ ಹೇಳಹೊರಟ. ಅವರು ಕೇಳಿಸಿಕೊಳ್ಳಲಿಲ್ಲ.

"ಇವರನ್ನು ಮೇಲೆ ಕರ್ಕೊಂಡು ಬನ್ನಿ. ನಾನು ಹಾಕ್ತೇನೆ."

ಸೇಸಮ್ಮ ಕುರ್ಚಿ ತಳ್ಳಿದಳು. ಅದು ಕದಲಲಿಲ್ಲ. ಹುಕ್ರಪ್ಪ ಎರಡೂ ಕೈಯಲ್ಲಿ ಗಾಲಿ ಹಿಡಿದಿದ್ದ. ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಬಾವಾನ ಹೆಂಡತಿಗೆ ಯಾವಾಗ ಹಾಕ್ತೀರಿ?" ಎಂದು ಕೇಳಿದ. "ಇವರೆಲ್ಲರ ಎದುರು ಹೇಳಿ ಡಾಕ್ಟ್ರೇ. ಹೇಳಿದ ಮೇಲೆ ಕೈ ಬಿಡ್ತೇನೆ."